ಆರನೇ ತೂತು

ಹಗ್ಗ ಎಳೆದಾಗ ರಾಟೆಯ ಮೇಲೆ ಜಾರಿ ಬಂದ ಎರಡು ಗುರಿಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು ರಾಮಾಂಜಿನಯ್ಯನವರು ತೂತು ಎಣಿಸಿದರು. ಅಂಬ್ರೀನ್ ಕಾಗದದಲ್ಲಿ ನಾಲ್ಕು. ನಂದಿತಾ ಕಾಗದದಲ್ಲಿ ಆರು. ಇಬ್ಬರಿಗೂ ಐದೈದು ಗುಂಡುಗಳನ್ನು ಅವರೇ ಕೈಯಾರೆ ಎಣಿಸಿ ಕೊಟ್ಟಿದ್ದರು. ಭೂತಗನ್ನಡಿ ಹಿಡಿದು ಮತ್ತೊಮ್ಮೆ ಎಣಿಸಿದರು. ತೂತುಗಳೇನು ಮರಿ ಹಾಕುತ್ತವೆಯೇ, ಅಷ್ಟೇ ಇದ್ದವು.

ಗುಬ್ಬಿಯ ಹಳೆಯ ಕೊಬ್ಬರಿ ಗೋಡೌನಿನಲ್ಲಿ ನಡೆಯುವ ಈ ಏರ್ ರೈಫಲ್ ಕ್ಲಬ್ಬಿನಿಂದ ತುಮಕೂರಿನ ಪಂದ್ಯಕ್ಕೆ ಹೋಗುವ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಹೋದ ಭಾನುವಾರ ಇಬ್ಬರು ಹುಡುಗಿಯರೂ ಸಮಸಮ ಬಂದಿದ್ದರಿಂದ ಇವತ್ತಿನ ಐದು ಗುಂಡುಗಳಲ್ಲೇ ತೀರ್ಮಾನ. ಪಾತ್ರೆ ಅಂಗಡಿಯ ಕರೀಂ ಸಾಬರ ಮಗಳು ಅಂಬ್ರೀನ್ ಈ ಜಾಗಕ್ಕಾಗಿ ಮೂರು ವರ್ಷ ಕಾದಿದ್ದಳು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಕುಣಿಗಲ್‌ನಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದ ನಂದಿತಾಳಿಗೂ ಆಸೆಯೇನು ಕಡಿಮೆ ಇರಲಿಲ್ಲ.

"ಅವಳದ್ದೊಂದು ನನ್ ಪೇಪರ್‌ಗೆ ಬಂದಿದೆ ಸರ್. ಹತ್ತು ಗುಂಡು, ಹತ್ತು ತೂತು. ಲೆಕ್ಕ ಸರಿಹೋಯ್ತಲ್ಲ," ಎಂದಳು ನಂದಿತಾ. ಐದನ್ನೂ ತನ್ನ ಕಾಗದಕ್ಕೇ ಹೊಡೆದಿದ್ದೇನೆ, ಎರಡು ಗುಂಡು ಒಂದೇ ತೂತಿನಲ್ಲಿ ಹೋಗಿರಬೇಕು ಎಂದು ಅಂಬ್ರೀನ್ ಹೇಳಿದಳೇನೋ ನಿಜ. ಆದರೆ ಹೇಳುತ್ತಿದ್ದಂತೆ ಅವಳ ದನಿಯೇ ಇಳಿದುಹೋಯಿತು. ಅವಳ ನಾಲ್ಕು ತೂತುಗಳಲ್ಲಿ ಒಂದರ ಅಂಚು ಉಳಿದವಕ್ಕಿಂತ ಕೂದಲೆಳೆಯಷ್ಟು ಅಗಲವಾಗಿತ್ತು. ಅಗಲ ಎಂದರೆ ಅಗಲ, ಇಲ್ಲ ಎಂದರೆ ಇಲ್ಲ.

ಗೋಡೆಯ ಮೇಲೆ ಈ ವರ್ಷದ ಹೊಸ ನಿಯಮಗಳ ಹಾಳೆ ಅಂಟಿಸಿತ್ತು. ಹೋದ ವರ್ಷ ಸೋತವರೆಲ್ಲ ಇನ್ನೊಮ್ಮೆ ಹೊಡೆಯುತ್ತೇವೆಂದು ಹಟ ಹಿಡಿದು ರಂಪ ಮಾಡಿದ್ದರು. ಈ ಸಲವಾದರೂ ಪಂದ್ಯ ಪಂದ್ಯದ ಹಾಗೆ ನಡೆಯಲಿ ಎಂದು, ಪೊಲೀಸ್ ಇಲಾಖೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿದ್ದ ಕ್ಲಬ್ಬಿನ ಕಾರ್ಯದರ್ಶಿ ರಾಮಾಂಜಿನಯ್ಯನವರೇ ಕೂತು ಬರೆದ ಹಾಳೆ ಅದು. ಪಂದ್ಯ ಶುರುವಾಗುವ ಮೊದಲು ಯಾರೂ ಗುಂಡು ಹಾರಿಸಕೂಡದು. ಪಕ್ಕದವರ ಕಾಗದಕ್ಕೆ ಹೊಡೆದ ಗುಂಡಿಗೆ ಸೊನ್ನೆ. ಯಾವ ಕಾರಣಕ್ಕೂ ಮರುಸುತ್ತು ಇಲ್ಲ. ಕೆಳಗೆ ಅವರದೇ ದಪ್ಪ ಸಹಿ. ಆ ಪ್ರಕಾರ ಅಂಬ್ರೀನ್‌ಗೆ ಒಂದು ಸೊನ್ನೆ ಹಾಕಿದರೆ ಮುಗಿಯಿತು. ಪೆನ್ನಿನ ಮುಚ್ಚಳ ತೆಗೆದವರಿಗೆ ಕೈ ಮುಂದೆ ಹೋಗಲಿಲ್ಲ.

ಅವರು ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳಾಗಿರಲಿಲ್ಲ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಎರಡೂ ಕಾಗದ ಕಟ್ಟಿದ ಮೇಲೆ, ಒಂದೇ ಒಂದು ಹೊಡೆದು ನೋಡೋಣ ಎಂದು ಅವರಿಗೆ ಆಸೆ ಹುಟ್ಟಿತ್ತು. ನಂದಿತಾ ನಿಲ್ಲಬೇಕಿದ್ದ ಜಾಗದಲ್ಲೇ ನಿಂತು ಒಂದು ಗುಂಡು ಹೊಡೆದಿದ್ದರು. ಅಷ್ಟರಲ್ಲಿ ಹೊರಗೆ ಅಂಬ್ರೀನ್ ಸ್ಕೂಟರ್ ಸದ್ದಾಗಿ, ಬೆಲ್ಲದ ಜಾಡಿಗೆ ಕೈ ಹಾಕಿ ಸಿಕ್ಕಿಬಿದ್ದವರಂತೆ ರೈಫಲನ್ನು ಅವಸರದಲ್ಲಿ ಬೀರುವಿನೊಳಗೆ ಇಟ್ಟಿದ್ದರು. ಕಾಗದದ ಮೇಲೆ ಅವರಿಗೆ ತೂತೇನೂ ಕಂಡಿರಲಿಲ್ಲ. ಗುಂಡು ಹಿಂದಿನ ಹಲಗೆಗೆ ಹೋಯಿತೆಂದು ಸುಮ್ಮನಾಗಿದ್ದರು. ಈಗ ನೋಡಿದರೆ, ಗೋಡೌನಿನಲ್ಲಿ ಹಾರಿದ್ದು ಹತ್ತಲ್ಲ, ಹನ್ನೊಂದು ಗುಂಡು. ಅದು ಗೊತ್ತಿದ್ದದ್ದು ಅವರೊಬ್ಬರಿಗೇ. ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರೂ ಇರಲಿಲ್ಲ.

"ಆರರಲ್ಲಿ ಒಂದು ನಂದು ಕಣಮ್ಮ," ಎಂದುಬಿಟ್ಟರು. ಬೆಳಗಿನ ಕಥೆಯನ್ನೆಲ್ಲ ತಲೆ ಎತ್ತದೆ ಹೇಳಿ ಮುಗಿಸಿದರು. ನಾಚಿಕೆಯಿಂದ ಮೈ ಹಿಡಿಯಾಗಿತ್ತು.

ನಂದಿತಾ ತನ್ನ ಕಾಗದವನ್ನು ಅವರ ಮುಂದೆ ಸರಿಸಿದಳು. ನಾಲ್ಕು ತೂತು ಒಂಬತ್ತು ಅಂಕದ ಉಂಗುರದಲ್ಲಿ, ಒಂದು ನಟ್ಟನಡುವಿನ ಹತ್ತರಲ್ಲಿ, ಇನ್ನೊಂದು ದೂರದಲ್ಲಿ, ಅಂಚಿನ ಹತ್ತಿರ. "ನನ್ ಕೈ ಒಂದ್ಸಲ ಅಲ್ಲಾಡ್ತು, ಸುಳ್ ಹೇಳಲ್ಲ. ಅಷ್ಟು ಆಚೆ ಹೋಯ್ತಾ ಅಂತ ನಂಗೂ ಗೊತ್ತಿಲ್ಲ. ಇದ್ರಲ್ಲಿ ನಿಮ್ದು ಯಾವ್ದು, ನೀವೇ ಹೇಳಿ ಸರ್."

ರಾಮಾಂಜಿನಯ್ಯನವರು ಮನಸ್ಸಿನಲ್ಲೇ ಕೂಡಿ ನೋಡಿದರು. ಅಂಬ್ರೀನ್ ಹೊಡೆದ ಐದೂ ಒಂಬತ್ತರಲ್ಲೇ, ಒಟ್ಟು ನಲವತ್ತೈದು. ನಡುವಿನದು ತಮ್ಮದಾದರೆ ಅಂಬ್ರೀನ್ ತುಮಕೂರಿಗೆ ಹೋಗುತ್ತಾಳೆ. ಅಂಚಿನದು ತಮ್ಮದಾದರೆ ನಂದಿತಾ ಹೋಗುತ್ತಾಳೆ. ಎಷ್ಟು ಯೋಚಿಸಿದರೂ ಯಾವುದು ತಮ್ಮದೆಂದು ಗೊತ್ತಾಗಲಿಲ್ಲ. ಆದರೆ ಬೆರಳು ಮಾತ್ರ ತಾನಾಗಿಯೇ ನಡುವಿನ ತೂತಿನ ಕಡೆ ಹೊರಟಿತು. ಅದು ಅಂಬ್ರೀನ್‌ಗೆ ನ್ಯಾಯ ಕೊಡಲು ಹೊರಟಿದೆಯೋ, ತಮ್ಮ ಕಣ್ಣಿಗೆ ಸರ್ಟಿಫಿಕೇಟು ಕೊಡಲು ಹೊರಟಿದೆಯೋ ಅವರಿಗೇ ತಿಳಿಯದು.

ಅಂಬ್ರೀನ್ ಆ ಬೆರಳನ್ನೇ ನೋಡುತ್ತಿದ್ದಳು. ಅದು ಕಾಗದ ಮುಟ್ಟುವ ಮೊದಲೇ ಮೆಲ್ಲಗೆ ಕೇಳಿದಳು: "ನಿಜ ಹೇಳಿ ಸರ್. ಬೆಳಗ್ಗೆ ನಿಮಗೆ ಗುರಿ ಕಾಣ್ತಿತ್ತಾ?"

ಬೆರಳು ಹತ್ತಕ್ಕೂ ಅಂಚಿಗೂ ನಡುವೆ ಗಾಳಿಯಲ್ಲೇ ನಿಂತಿತು.

"ಒಂದು ಗುರಿ ಎರಡಾಗಿ ಕಾಣ್ತಿತ್ತು ಕಣಮ್ಮ," ಎಂದರು ರಾಮಾಂಜಿನಯ್ಯನವರು. "ಅದ್ರಲ್ಲಿ ಒಂದಕ್ಕೆ ಹೊಡ್ದೆ."