ಅಜ್ಜನ ಪಂಚೆ

ಸಾವಂತ್ರಮ್ಮ ಸಂತೆಯಿಂದ ತಂದ ಓಮವನ್ನು ಮೊರಕ್ಕೆ ಸುರಿದು ಹಸನು ಮಾಡುತ್ತಿದ್ದಳು. ಬಜೆ, ಒಣಕೊಬ್ಬರಿ, ಸಾಂಬ್ರಾಣಿ ಆಗಲೇ ಡಬ್ಬಿ ಸೇರಿದ್ದವು. ಮಗಳಿಗೆ ಏಳು ತಿಂಗಳು ತುಂಬಿತ್ತು. ಹೇಳದೆ ಕೇಳದೆ ಮದುವೆಯಾಗಿ ಹೋದವಳನ್ನು ಬಾಣಂತನಕ್ಕೆ ಕರೆದು ಕಾಗದ ಬರೆದು, ಅಂಚೆಗೆ ಹಾಕಲು ಗಂಡನ ಕೈಗೆ ಕೊಟ್ಟು ಎರಡು ತಿಂಗಳಾಗಿತ್ತು. ಉತ್ತರವೇ ಇಲ್ಲ.

“ಕರೆದರೂ ಬಾರದವಳಿಗೆ ಇದೆಲ್ಲ ಯಾಕೆ?” ಎಂದ ಗಂಡ.

“ಹೆರಿಗೆನೋವಿನವರೆಗೂ ಕೋಪ ಉಳಿಯೋದಿಲ್ಲ ಕಣ್ರಿ. ಬರ್ತಾಳೆ.”

“ಹಾಗಾದ್ರೆ ತೊಟ್ಟಿಲೂ ಕಟ್ಟಿಬಿಡು.”

“ಹುಟ್ಟೋಕೆ ಮುಂಚೆ ಕಟ್ಟಬಾರದು. ಹೊಸ ಬಟ್ಟೆನೂ ತರಬಾರದು. ಕೂಸನ್ನ ಮೊದಲು ಸುತ್ತೋದು ಅಜ್ಜನ ಹಳೇ ಪಂಚೆಯಲ್ಲೇ.”

ಹಾಗೆನ್ನುತ್ತಲೇ ಎದ್ದು ಅವನ ಪೆಟ್ಟಿಗೆ ತೆರೆದಳು. ಗಂಡ ಬೇಡವೆನ್ನುವಷ್ಟರಲ್ಲಿ ತಳದಲ್ಲಿದ್ದ ಮೆತ್ತನೆಯ ಪಂಚೆಯನ್ನು ಎಳೆದು ಕೊಡವಿದ್ದಳು. ಮಡಿಕೆಯೊಳಗಿಂದ ಲಕೋಟೆಯೊಂದು ಬಿತ್ತು. ವಿಳಾಸ ಅವಳದೇ ಅಕ್ಷರದಲ್ಲಿತ್ತು. ಅಂಚೆಯ ಮುದ್ರೆ ಬಿದ್ದಿರಲಿಲ್ಲ.

“ಕೊಡು, ನಾಳೆ ಹಾಕ್ತೀನಿ,” ಎಂದ ಗಂಡ, ತಲೆಯೆತ್ತದೆ.

ಅವಳು ಪಂಚೆಯನ್ನು ನಾಲ್ಕು ತುಂಡಾಗಿ ಹರಿದು ಮಡಿಸಿಟ್ಟಳು. ಆಮೇಲೆ ಸೆರಗು ಹೊದ್ದು, ಅಂಚೆಪೆಟ್ಟಿಗೆಯವರೆಗೆ ತಾನೇ ನಡೆದುಹೋಗಿ ಕಾಗದ ಹಾಕಿದಳು.