ಹಗುರ ಗಿಟಾರು

ಅಕ್ಕ ಗ್ರೇಟಾ ತೀರಿಕೊಂಡ ಮೇಲೆ ಅವಳ ಎಲೆಕ್ಟ್ರಿಕ್ ಗಿಟಾರನ್ನು ಲವೀನಾ ಕೈಗೆತ್ತಿಕೊಂಡಿದ್ದಳು. ಅಕ್ಕ ಎತ್ತರದವಳು, ಇವಳು ಅವಳ ಭುಜದೆತ್ತರಕ್ಕಷ್ಟೇ ಬರುತ್ತಿದ್ದಳು. ನಾಲ್ಕೂವರೆ ಕೆಜಿಯ ಆ ಗಿಟಾರನ್ನು ಮೂರು ವರ್ಷ ಹೊತ್ತು ಬಾರಿಸಿ ಎಡ ಹೆಗಲು ಸೋತಿತ್ತು. ಇನ್ನು ಅದನ್ನು ಮುಟ್ಟಲೇಬಾರದೆಂದು ಡಾಕ್ಟರು ಹೇಳಿದ್ದರಿಂದ ತಾಯಿಯನ್ನು ಕರೆದುಕೊಂಡು ಮಂಗಳೂರಿನ ಅಂಗಡಿಗೆ ಬಂದಿದ್ದಳು. ಪ್ರತಿ ಸಂಜೆ ಅವಳು ಬಾರಿಸುವಾಗ ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಕೂತು ಕೇಳುವವರು ತಾಯಿಯೊಬ್ಬರೇ.

“ಇಷ್ಟು ದಿನ ಯಾವುದು ಬಾರಿಸ್ತಿದ್ರಿ?” ಅಂಗಡಿಯವರು ಕೇಳಿದರು.

“ಅಕ್ಕನದ್ದು. ನನಗೆ ಭಾರ ಆಗ್ತದೆ.”

ಅವರು ಒಳಗಿನಿಂದ ಸಣ್ಣದೊಂದು ಗಿಟಾರು ತಂದರು. “ಇದಕ್ಕೆ ತಂತಿಯ ದನಿ ಹಿಡಿಯುವ ಪಿಕಪ್ ಒಂದೇ. ಮರವೂ ತೆಳು, ದನಿ ಸ್ವಲ್ಪ ಬೇರೆ ಬರ್ತದೆ. ತೂಕ ಎರಡೂವರೆ ಕೆಜಿ ಉಂಟಷ್ಟೆ. ನಿಮ್ಮ ಸಪುರ ಮೈಗೆ ಇದೇ ಸರಿ.”

ಲವೀನಾ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಳು. ನೋವಾಗಲಿಲ್ಲ. ಬೆರಳುಗಳು ಎಲ್ಲ ತಂತಿಗೂ ಸಲೀಸಾಗಿ ಎಟುಕಿದವು. ಅಕ್ಕ ಮನೆಯಲ್ಲಿ ಬಾರಿಸುತ್ತಿದ್ದ ಹಾಡನ್ನೇ ಬಾರಿಸಿದಳು. ಅದು ಲವೀನಾಳ ಕೈಯಲ್ಲಿ ಇಷ್ಟು ಚೆನ್ನಾಗಿ ಎಂದೂ ಬಂದಿರಲಿಲ್ಲ. ಅಂಗಡಿಯವರು ಕೆಲಸ ಬಿಟ್ಟು ನಿಂತು ಕೇಳಿದರು.

ತಾಯಿ ಮಾತ್ರ ಸ್ಟೂಲಿನಿಂದ ಎದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

“ಯಾಕಮ್ಮಾ, ಚಂದ ಇಲ್ವಾ?”

“ಚಂದ ಉಂಟು.”

“ಮತ್ತೆ? ಹೆಗಲು ನೋಯುವುದೇ ಇಲ್ಲ, ನೋಡು.”

ತಾಯಿ ಅವಳ ಹೆಗಲಿನ ಪಟ್ಟಿ ಬಿಡಿಸತೊಡಗಿದರು.

“ಇದು ಬೇಡ ಮಗಾ. ಇದರಲ್ಲಿ ಬಾರಿಸುವುದು ನೀನು ಅಂತ ಗೊತ್ತಾಗ್ತದೆ.”