ಟವೆಲ್ ಹೊದ್ದ ಸ್ಕ್ಯಾನು

ಸ್ಕ್ಯಾನನ್ನ ಯಾರು ಮೊದಲು ನೋಡ್ತಾರೋ, ರೋಗಿಗೆ ಏನಾದ್ರೂ ಅವರೇ ಹೊಣೆ ಅಂತ ಕಾನೂನು ಬಂದ್ಮೇಲೆ ನಮ್ಮೂರ ಎಮರ್ಜೆನ್ಸಿ ವಾರ್ಡಲ್ಲಿ ಡಾಕ್ಟ್ರುಗಳು ಗೋಡೆ ಕಡೆ ಮುಖ ಮಾಡ್ಕೊಂಡೇ ಡ್ಯೂಟಿ ಮಾಡ್ತಾರೆ.

ಅವತ್ತು ನಮ್ಮ ರುದ್ರಮುನಿ ಭಾವ ಸ್ಕೂಟರಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕೊಂಡಿದ್ರು. ಸ್ಕ್ಯಾನೇನೋ ಐದೇ ನಿಮಿಷಕ್ಕೆ ಆಯ್ತು. ಆಮೇಲೆ ಕಂಪ್ಯೂಟರ್ ಪರದೆ ಮೇಲೆ ಟವೆಲ್ ಹೊದಿಸಿದ್ರು.

"ಡಾಕ್ಟ್ರೇ, ಭಾವಂಗೆ ಮಾತು ನಿಂತೋಯ್ತು, ಒಂದ್ಸಲ ನೋಡಿ," ಅಂದೆ.

"ನಂಗೂ ಹೆಂಡ್ತಿ ಮಕ್ಕಳಿದಾರೆ ಸ್ವಾಮಿ," ಅಂದ್ರು ಡಾಕ್ಟರ್ ಇಂದುಧರ, ಗೋಡೆಗೆ. "ಎಲುಬಿನವ್ರನ್ನ ಕೇಳಿ."

ಎಲುಬಿನ ಡಾಕ್ಟ್ರು ಕಣ್ಣಿಗೆ ಬಟ್ಟೆ ಕಟ್ಕೊಂಡು ಕೂತಿದ್ರು. "ನರದವ್ರನ್ನ ಕೇಳಿ," ಅಂದ್ರು. ನರದವ್ರು ಬಾತ್‌ರೂಮಲ್ಲಿ ಚಿಲಕ ಹಾಕ್ಕೊಂಡಿದ್ರು.

ವಾಪಸ್ ಬರೋದ್ರೊಳಗೆ ಭಾವನ ಒಂದು ಕಣ್ಣು ಮೇಲೆ ಸಿಕ್ಕೊಂಡಿತ್ತು. ಅಕ್ಕ ಗಂಡನ ಕಾಲು ಹಿಡ್ಕೊಂಡು ಕೂತಿದ್ಲು.

"ನಿಮ್ಮ ಓದಿಗೆ ಬೆಂಕಿ ಬೀಳ!" ಅಂತ ಟವೆಲ್ ಕಿತ್ತೆಸೆದು ನಾನೇ ನೋಡ್ದೆ. ನಾನು ಟೈಲರ್ರು. ನಂಗೇ ಕಾಣ್ತು, ಬಲಗಡೆ ಅಂಗೈಯಷ್ಟು ರಕ್ತ ಹೆಪ್ಪುಗಟ್ಟಿತ್ತು.

ಪರದೆ ಕೆಳಗೆ 'ಮೊದಲು ನೋಡಿದವರು' ಅಂತ ನನ್ನ ಹೆಸರು ಮೂಡ್ತು. ಮೂವರೂ ಡಾಕ್ಟ್ರು ಓಡಿ ಬಂದು ಆಪರೇಷನ್ ಶುರು ಮಾಡಿದ್ರು. ಕೈ ಬಲು ಚುರುಕು.

ಭಾವ ಉಳ್ಕೊಂಡ್ರು. ಮೂರನೇ ದಿನ ಆಸ್ಪತ್ರೆಯಿಂದ ನಂಗೆ ನೋಟಿಸ್ ಬಂತು. ಸ್ಕ್ಯಾನ್ ನೋಡೋಕೆ ನಲವತ್ತು ನಿಮಿಷ ಯಾಕೆ ತಡ ಮಾಡಿದ್ರಿ ಅಂತ.